ಖಾರ ಹೊತ್ತಿದ ವರ್ಷ

ನಮ್ಮ ಅತ್ತೆಯ ಮೂಗು ಯಾವ ದಿನ ಕೈಕೊಟ್ಟಿತು ಎಂಬುದು ನನಗೆ ಗೊತ್ತು. ಡಾಕ್ಟರಿಗೆ ಗೊತ್ತಿರಲಿಲ್ಲ, ಅತ್ತೆ ಹೆತ್ತ ಮಕ್ಕಳಿಗೂ ಗೊತ್ತಿರಲಿಲ್ಲ. ಆ ದಿನ ಬಿಸಿ ಬಾಣಲೆಯ ಈಚೆ ಬದಿಗೆ ನಾನು ಕೂತಿದ್ದೆ, ಆಚೆ ಬದಿಗೆ ಅವರು.

ಬೀದರಿನ ಚಿದ್ರಿಯಲ್ಲಿ ನಮ್ಮ ಮನೆ. ಬೇಸಿಗೆ ಬಂತೆಂದರೆ ಓಣಿಯ ಮಾಳಿಗೆಗಳ ಮೇಲೆಲ್ಲ ಹಳೆಯ ಸೀರೆ ಹಾಸಿ ಮೆಣಸಿನಕಾಯಿ ಒಣಗಿಸುತ್ತಾರೆ. ವರ್ಷಕ್ಕೆ ಸಾಲುವಷ್ಟು ಮಸಾಲೆ ಖಾರವನ್ನು ಒಂದೇ ಸಲ ಹುರಿದು, ಕುಟ್ಟಿಸಿ, ಡಬ್ಬಿಯಲ್ಲಿ ಒತ್ತಿ ತುಂಬುವುದು ರೂಢಿ. ತವರಿನಿಂದ ಮಗಳ ಮನೆಗೆ ಒಂದು ಡಬ್ಬಿ ಹೋಗಲೇಬೇಕು. ನಮ್ಮ ಮನೆಯಿಂದ ಅದು ಭಾಲ್ಕಿಗೆ, ನಾದಿನಿಯ ಮನೆಗೆ ಹೋಗುತ್ತಿತ್ತು.

ಹುರಿಯುವಾಗ ನಮ್ಮಲ್ಲಿ ಒಂದು ಕಟ್ಟುಪಾಡು. ಸೌಟು ಸೊಸೆಯ ಕೈಯಲ್ಲಿ, ಮೂಗು ಅತ್ತೆಯದು. ಸೊಸೆಯಾದವಳು "ಇಳಸ್ಲೇನ್ರಿ?" ಎಂದು ಕೇಳಬೇಕು. ಅತ್ತೆ ಮುಂದಕ್ಕೆ ಬಾಗಿ, ಒಮ್ಮೆ ಉಸಿರೆಳೆದು "ಇಳಸು" ಎನ್ನಬೇಕು. ಆ ಮಾತು ಬರುವ ತನಕ ಬಾಣಲೆ ಒಲೆಯಿಂದ ಇಳಿಯುವ ಹಾಗಿಲ್ಲ. ನಮ್ಮ ಅತ್ತೆಯ ಮೂಗಿಗೆ ಓಣಿಯಲ್ಲೇ ಹೆಸರಿತ್ತು. ಪಕ್ಕದ ಮನೆಯವರೂ ತಮ್ಮ ಹುರಿದ ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ತಂದು ತೋರಿಸಿ ಹೋಗುತ್ತಿದ್ದರು.

ಮದುವೆಯಾದ ಐದನೆಯ ಬೇಸಿಗೆ ಅದು. ಕೊತ್ತಂಬರಿ ಬೀಜ ಮೊದಲು ಹೊಂಬಣ್ಣಕ್ಕೆ ಬಂತು, ಆಮೇಲೆ ಕಂದಿತು. ಅದರ ಜೊತೆ ಹಾಕಿದ್ದ ಒಣ ಕೊಬ್ಬರಿಯ ಅಂಚು ಕಪ್ಪಾಗತೊಡಗಿತು.

"ಇಳಸ್ಲೇನ್ರಿ?" ಎಂದೆ.

"ಇನ್ನಾ ಘಮಾನೇ ಬಂದಿಲ್ಲ. ಸುಮ್ನ ಕೈ ಆಡಸು."

ಮತ್ತೆ ಸ್ವಲ್ಪ ಹೊತ್ತಿಗೆ, "ಅತ್ತೀ, ಹೊತ್ತಿದ ವಾಸನಿ ಬರ್ಲಕತ್ತದರಿ" ಎಂದೆ.

"ಕಾನ್ವೆಂಟಿನ ಮೂಗಿಗಿ ಸೆಂಟಿನ ವಾಸನಿ ಗೊತ್ತಾಗ್ತದ, ಖಾರದ್ದೇನ್ ಗೊತ್ತಾಗ್ತದ? ಆಡಸು ಅಂದ್ರ ಆಡಸು."

ಆಡಿಸಿದೆ. ಅವರು ಕೆಮ್ಮಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮೊದಲೇ ಹುರಿದಿಟ್ಟಿದ್ದ ಮೆಣಸಿನಕಾಯಿಯ ಘಾಟಿಗೆ ನಾನೂ ಕೆಮ್ಮಿದೆ. ಹಾಗಾಗಿ ಅವರ ಮೂಗಿನ ಬಗ್ಗೆ ಅನುಮಾನ ಬರಲು ಕಾರಣವೇ ಇರಲಿಲ್ಲ. ಅವರು "ಇಳಸು" ಎನ್ನುವ ಹೊತ್ತಿಗೆ ಬಾಣಲೆಯ ತಳ ಕಪ್ಪಾಗಿತ್ತು.

ಕುಟ್ಟುವ ಗಿರಣಿಯ ಚಾಚಾ ಹಿಡಿಯಷ್ಟು ಬೀಜ ಎತ್ತಿ ಮೂಸಿ ನೋಡಿ, "ಭಾಬಿ, ಧನಿಯಾ ಜಲ್ ಗಯಾ ನಾ! ಪೂರಾ ಹೊತ್ತ್ಯಾದ. ಅಮ್ಮಾಗ ತೋರಸ್ರಿ. ಕುಟ್ಟಿದ್ರ ಕಹಿ ಆಗ್ತದ" ಎಂದರು.

"ಅತ್ತಿನೇ ನೋಡ್ಯಾರ, ಚಾಚಾ. ಕುಟ್ರಿ" ಎಂದೆ.

ಈ ಮಾತನ್ನು ಇವತ್ತಿಗೂ ನನ್ನ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ. ಮೂಗು ನೆಟ್ಟಗಿದ್ದವಳು ನಾನು.

ಆ ಖಾರ ಭಾಲ್ಕಿಗೆ ಹೋಯಿತು. ಹದಿನೈದು ದಿನಕ್ಕೆ ನಾದಿನಿಯ ಕುಬಸ. ಮೊದಲ ಬಸುರಿಗೆ ಸೀರೆ ಉಡಿಸಿ ಉಡಿ ತುಂಬುವ ಕಾರ್ಯ; ಬೀಗರು, ನೆಂಟರು, ಓಣಿಯ ಹೆಂಗಸರು ಎಲ್ಲ ಸೇರಿದ್ದರು. ತವರಿನ ಖಾರದಲ್ಲೇ ಎಣ್ಣೆಗಾಯಿ, ಸಾರು. ಮೊದಲ ತುತ್ತಿಗೇ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕೆ ಬದನೆಕಾಯನ್ನು ತಾಟಿನ ಅಂಚಿಗೆ ಸರಿಸಿ, ಮೇಲೆ ಅನ್ನ ಮುಚ್ಚಿದಳು. ನಾದಿನಿಯ ಅತ್ತೆ ಬಾಯಿ ಜೋರಿನವರು. ಪಂಕ್ತಿಯ ನಡುವೆ ನಿಂತು ಕೇಳಿಯೇಬಿಟ್ಟರು.

"ಬೀಗರು ಖಾರ ಕಳಸ್ಯಾರೋ ಕಷಾಯದ ಪುಡಿ ಕಳಸ್ಯಾರೋ? ಯಾರ್ ಹುರದಾರಿದನ್ನ?"

ಎಲ್ಲರೂ ನಕ್ಕರು. ನಮ್ಮ ಅತ್ತೆ ಕುತ್ತಿಗೆ ಹೊರಳಿಸಿ ನನ್ನನ್ನು ನೋಡಿದರು, ಅಷ್ಟೆ. ಅವರ ನೋಟದ ಹಿಂದೆ ಪಂಕ್ತಿಯ ಕಣ್ಣುಗಳೆಲ್ಲ ನನ್ನತ್ತ ಬಂದವು.

"ನಂದೇ ತಪ್ಪಾಯ್ತ್ರಿ" ಎಂದೆ.

ಯಾಕೆ ಹಾಗೆ ಅಂದೆ ಎಂದು ಹೇಳಲು ನನ್ನ ಶಾಲೆಯ ಸಂಗತಿ ಹೇಳಬೇಕು. ನಾನು ನಾಲ್ಕನೆಯ ತರಗತಿಯಲ್ಲಿರುವಾಗ ಅವ್ವ ತೀರಿಕೊಂಡಳು. ಔರಾದಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ಅಪ್ಪ, ಹೆಣ್ಣುಕೂಸನ್ನು ಒಬ್ಬನೇ ಹೇಗೆ ಬೆಳೆಸಲಿ ಎಂದು ಬೀದರಿನ ಕಾನ್ವೆಂಟಿನ ಹಾಸ್ಟೆಲಿಗೆ ಹಾಕಿದರು. ಅಲ್ಲಿ ಸಿಸ್ಟರುಗಳು ಕೆಟ್ಟವರಲ್ಲ, ಜ್ವರ ಬಂದರೆ ರಾತ್ರಿಯಿಡೀ ಪಕ್ಕದಲ್ಲೇ ಕೂರುತ್ತಿದ್ದರು. ಆದರೆ ಹುಡುಗಿಯರು ಜಗಳವಾಡಿದರೆ, ತಪ್ಪು ಯಾರದೇ ಇರಲಿ, ಮೊದಲು ಸಾರಿ ಕೇಳಿದವಳಿಗೆ ಒಂದು ದೇವದೂತರ ಚಿತ್ರ ಕೊಡುತ್ತಿದ್ದರು. ಅಂಚಿಗೆ ಚಿನ್ನದ ಬಣ್ಣದ ಗೆರೆ ಇರುವ ಪುಟ್ಟ ಚಿತ್ರ. ಹಾಸ್ಟೆಲ್ ಬಿಡುವಾಗ ನನ್ನ ಬಳಿ ಅಂಥ ಚಿತ್ರಗಳ ದೊಡ್ಡ ಕಟ್ಟೇ ಇತ್ತು.

ಭಾಲ್ಕಿಯಲ್ಲಿ ಚಿತ್ರ ಸಿಗಲಿಲ್ಲ. ಮರುದಿನ ಅತ್ತೆ, "ಅಪ್ಪನ ಮನ್ಯಾಗ ನಾಕ್ ತಿಂಗಳಿದ್ದು ಅಡಗಿ ಕಲ್ತು ಬಾ" ಎಂದರು. ಯಜಮಾನರು ನನ್ನ ಸೂಟ್‌ಕೇಸನ್ನು ಬಸ್‌ಸ್ಟ್ಯಾಂಡಿನ ತನಕ ಹೊತ್ತು ತಂದರು, ಕಿಟಕಿಯಿಂದ ಒಂದು ನೀರಿನ ಬಾಟಲಿ ಕೊಟ್ಟರು, "ಮುಟ್ಟಿದ ಮ್ಯಾಲ ಫೋನ್ ಮಾಡು" ಎಂದರು. ಖಾರದ ಬಗ್ಗೆ ಏನೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ.

ಅಪ್ಪ ಕೇಳಿದರು. ಔರಾದಿನ ಮನೆಯ ಕಟ್ಟೆಯ ಮೇಲೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುತ್ತ, ತಲೆ ಎತ್ತದೆ ಕೇಳಿದರು.

"ಖರೇನ ನೀನ ಹೊತ್ತಸ್ದೇನ, ಮಗಳ?"

"ಹೌದಪ್ಪಾ."

ನಿಜ ಹೇಳಿದರೆ ಅಪ್ಪ ಬೀದರಿಗೆ ಹೋಗಿ ಜಗಳ ತೆಗೆದಾರು, ಮನೆ ಮುರಿದೀತು ಎಂದು ಹಾಗೆ ಹೇಳಿದೆ. ಅವ್ವ ಹೋದ ಮೇಲೆ ಮನೆಯಲ್ಲಿ ಅಡುಗೆ ಮಾಡಿದವರು ಅಪ್ಪನೇ. ಆ ದಿನ ಹೊಸದಾಗಿ ಖಾರ ಹುರಿದರು. ಬಾಣಲೆಯ ಮೇಲೆ ಬಾಗಿ ಮೂಸಿ, "ಈಗ ಇಳಸು ನೋಡು" ಎಂದು ನನಗೆ ಹೇಳಿಕೊಟ್ಟರು, ನನಗೆ ಬರುವುದೇ ಇಲ್ಲ ಎಂಬಂತೆ. ನಾನೂ ಹೊಸದಾಗಿ ಕಲಿಯುವವಳಂತೆ ಇಳಿಸಿದೆ.

ಹೊತ್ತಿದ ಖಾರದ ಬದಲಿಗೆ ಕೊಡಲೆಂದು ಹೊಸ ಖಾರದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ನನ್ನ ಜೊತೆ ಭಾಲ್ಕಿಯ ಬಸ್ಸು ಹತ್ತಿದರು. ಅಪ್ಪ ಹೇಳಿಕಳಿಸಿದ್ದರಿಂದ ಅಲ್ಲಿಗೆ ನಮ್ಮ ಅತ್ತೆಯೂ ಯಜಮಾನರೂ ಬಂದಿದ್ದರು. ನಾದಿನಿಯ ಅತ್ತೆ ಮಂಚದ ಮೇಲೆ ಕೂತಿದ್ದರು.

"ಮಾಸ್ತರ್ರ, ಮಗಳಿಗಿ ಇಂಗ್ಲಿಷ್ ಕಲ್ಸೀರಿ. ಒಗ್ಗರಣಿ ಕಲ್ಸದು ಮರ್ತೀರೇನ್ರಿ?"

ಅಪ್ಪ ಡಬ್ಬಿಯನ್ನು ನೆಲಕ್ಕಿಟ್ಟರು. ಧೋತರಕ್ಕೆ ಕೈ ಒರೆಸಿಕೊಂಡು, ಎರಡೂ ಕೈ ಜೋಡಿಸಿದರು. "ಅವ್ವ ಇಲ್ಲದ ಕೂಸರಿ. ತಪ್ಪು ನಂದೇ ಅದ. ಹೊಟ್ಟ್ಯಾಗ ಹಾಕ್ಕೋರಿ."

ಅವರ ಉಗುರಿನ ಸಂದಿಯಲ್ಲಿ ಖಾರದ ಕೆಂಪು ಇನ್ನೂ ಇತ್ತು. ನಮ್ಮ ಅತ್ತೆ ಪಕ್ಕದ ಕುರ್ಚಿಯಲ್ಲಿ ಕೂತು ಸೆರಗಿನ ಅಂಚನ್ನು ನೋಡುತ್ತಿದ್ದರು. ಎರಡು ವರ್ಷದ ಮೇಲೆ ಅಪ್ಪ ಹೋಗಿಬಿಟ್ಟರು. ಮಗಳು ಖಾರ ಹೊತ್ತಿಸಿದಳು ಎಂದೇ ತಿಳಿದು ಹೋದರು.

ಬೀದರಿಗೆ ಮರಳಿದ ಮೇಲೆ ಈ ಮನೆಯಲ್ಲಿ ನಾನು ಖಾರಕ್ಕೆ ಕೈ ಹಚ್ಚಿದ್ದಿಲ್ಲ. ಮನ್ನಳ್ಳಿಯ ಹೆಣ್ಣುಮಗಳೊಬ್ಬಳು ಹುರಿದು ಕುಟ್ಟಿದ್ದನ್ನೇ ತಂದುಕೊಡುತ್ತಿದ್ದಳು. ಯಾರಾದರೂ ಕೇಳಿದರೆ ಅತ್ತೆ, "ನಮ್ಮ ಮನ್ಯಾಗ ಹುರಿಯವ್ರು ಯಾರದಾರ" ಎನ್ನುತ್ತಿದ್ದರು. ನನ್ನ ಸಾರಿಗೆ ವಾಸನೆಯಿಲ್ಲ, ನಾನು ಹಾಕಿದ ಇಂಗು ಇಂಗೇ ಅಲ್ಲ, ನನ್ನ ಕೈಯಲ್ಲೇ ಘಮವಿಲ್ಲ. ದಿನಾ ಇದೇ ಮಾತು. ಕೇಳಿ ಕೇಳಿ ಕೊನೆಗೆ ನಾನೇ ಬಾಗಿಲ ಹಿಂದೆ ನಿಂತು ನನ್ನ ಅಂಗೈ ಮೂಸಿ ನೋಡಿಕೊಂಡದ್ದುಂಟು.

ಹೋದ ವರ್ಷ ಅತ್ತೆಯ ಬಲಗೈ ನಡುಗತೊಡಗಿತು. ಹೆಬ್ಬೆರಳೂ ತೋರುಬೆರಳೂ ಒಂದಕ್ಕೊಂದು ಉಜ್ಜುತ್ತ ದೇವರ ದೀಪಕ್ಕೆ ಬತ್ತಿ ಹೊಸೆದ ಹಾಗೆ ಆಡುತ್ತಿದ್ದವು, ಕೈಯಲ್ಲಿ ಹತ್ತಿ ಇಲ್ಲದಾಗಲೂ. ಹೆಜ್ಜೆ ಸಣ್ಣದಾಯಿತು. ಮುಖದಲ್ಲಿ ಸಿಟ್ಟೂ ಕಾಣದು, ನಗುವೂ ಕಾಣದು. ಓಣಿಯ ತುದಿಗೆ ಕೇಳುತ್ತಿದ್ದ ಗಂಟಲು ಪಕ್ಕದಲ್ಲಿ ಕೂತವರಿಗೂ ಕೇಳದಷ್ಟು ಇಳಿಯಿತು. ನರರೋಗದ ಡಾಕ್ಟರ ಬಳಿ ಯಜಮಾನರು, ನಾನು ಇಬ್ಬರೂ ಕರೆದುಕೊಂಡು ಹೋದೆವು. ಡಾಕ್ಟರು ಬೆಂಗಳೂರು ಕಡೆಯ ಹೆಣ್ಣುಮಗಳು, ನನಗಿಂತ ಚಿಕ್ಕವರು. ಕೈ ಮಡಚಿ ನೋಡಿದರು, ನಡೆಸಿ ನೋಡಿದರು. ಪಾರ್ಕಿನ್ಸನ್ ಕಾಯಿಲೆ ಎಂದರು. ಆಮೇಲೆ ಕೇಳಿದರು:

"ಅಮ್ಮಂಗೆ ವಾಸನೆ ಗೊತ್ತಾಗುತ್ತಾ?"

"ವಾಸನಿಗೇನಾಗ್ಯಾದ್ರಿ? ಅವ್ವನ ಮೂಗು ಛಲೋ ಅದ" ಎಂದರು ಯಜಮಾನರು, ಸ್ವಲ್ಪ ಹೆಮ್ಮೆಯಿಂದಲೇ.

ಡಾಕ್ಟರು ಅತ್ತೆಗೆ ಕಣ್ಣು ಮುಚ್ಚಿಸಿ, ಡ್ರಾಯರಿನಿಂದ ಕಾಫಿಪುಡಿಯ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ಅವರ ಮೂಗಿನ ಕೆಳಗೆ ಹಿಡಿದರು. ನನಗೆ ಎರಡು ಮಾರು ದೂರದಿಂದಲೇ ಆ ವಾಸನೆ ಬಂತು.

ಅತ್ತೆ ಕಾದರು. ಮೆಲ್ಲಗೆ, "ನೀವೇನೂ ಹಿಡದಿಲ್ಲ ಡಾಕ್ಟ್ರ" ಎಂದರು.

"ಎಷ್ಟು ವರ್ಷದಿಂದ ಹೀಗೆ?" ಡಾಕ್ಟರು ಮಗನ ಮುಖ ನೋಡಿದರು. ಮಗ ಗೋಡೆ ನೋಡಿದರು.

"ಒಂಬತ್ತು ವರ್ಷ ಆತ್ರಿ" ಎಂದೆ ನಾನು. "ನಾದಿನಿಯ ಕುಬಸದ ಬ್ಯಾಸಗಿಯಿಂದ."

ಡಾಕ್ಟರು ತಲೆಯಾಡಿಸಿ ಅದನ್ನು ಕಾಗದದ ಮೇಲೆ ಬರೆದುಕೊಂಡರು. ಈ ರೋಗದಲ್ಲಿ ಎಷ್ಟೋ ಮಂದಿಗೆ ಕೈ ನಡುಗುವ ವರ್ಷಗಳ ಮೊದಲೇ ವಾಸನೆ ಹೋಗಿರುತ್ತದೆ ಎಂದರು. ಖಾರದ ಘಾಟಿಗೆ ಕೆಮ್ಮು ಬರುವುದು ಬೇರೆ ನರದಿಂದ, ಅದು ಚೆನ್ನಾಗಿಯೇ ಇರಬಹುದಂತೆ. ಹಾಗಾಗಿ ಮನೆಯವರಿಗೆ ಗೊತ್ತಾಗುವುದಿಲ್ಲವಂತೆ. ನನ್ನ ಒಂದು ಮಾತನ್ನು ಯಾರೋ ನಂಬಿ ಬರೆದುಕೊಳ್ಳುವುದನ್ನು ನಾನು ಆವತ್ತು ಮೊದಲ ಸಲ ಕಂಡೆ.

"ತಲೆಯೊಳಗ ಎಲ್ಲಾ ಬಿಟ್ಟು ಇದೊಂದೇ ಜಾಗಾ ಯಾಕ್ರಿ?" ಎಂದು ಕೇಳಿದೆ.

ಅವರು ಚೀಟಿಯ ಹಿಂದೆ ಪೆನ್ನಿನಿಂದ ಚಿತ್ರ ಬರೆದು ತೋರಿಸಿದರು. ಮಿದುಳಿನಲ್ಲಿ ನರಕೋಶಗಳ ನಡುವೆ ಕಾವಲಿನ ಕೋಶಗಳಿವೆ, ಮೈಕ್ರೋಗ್ಲಿಯಾ ಎಂದು ಹೆಸರು. ಸಣ್ಣ ಸಣ್ಣ ಕೈಗಳನ್ನು ಚಾಚಿ ಸುತ್ತ ತಡಕುತ್ತ ಇರುತ್ತವೆ. ಸತ್ತದ್ದನ್ನು ಗುಡಿಸುತ್ತವೆ, ಹೊರಗಿನಿಂದ ಬಂದದ್ದನ್ನು ತಡೆಯುತ್ತವೆ. ಆದರೆ ಎಲ್ಲ ಭಾಗದಲ್ಲೂ ಅವು ಒಂದೇ ಸಮ ಇಲ್ಲ. ಕೆಲವು ಕಡೆ ದಟ್ಟ, ಕೆಲವು ಕಡೆ ವಿರಳ, ಸ್ವಭಾವವೂ ಜಾಗದಿಂದ ಜಾಗಕ್ಕೆ ಬೇರೆ. ಮೈಯ ಚಲನೆಯನ್ನು ನೋಡಿಕೊಳ್ಳುವ ಪುಟ್ಟ ಕಪ್ಪು ಭಾಗವೊಂದರಲ್ಲಿ ಅವು ಬಹಳ ದಟ್ಟವಾಗಿವೆ. ವಾಸನೆಯ ಭಾಗವೋ ಮೂಗಿನ ಹಾದಿಯಲ್ಲೇ ಇದೆ, ಹೊರಗಿನದೆಲ್ಲ ಮೊದಲು ತಾಗುವುದು ಅಲ್ಲಿಗೆ. ಕಾವಲಿನ ಕೋಶಗಳು ಒಮ್ಮೆ ಕೆರಳಿ ಶಾಂತವಾಗದೆ ಉಳಿದರೆ, ತಾವು ಕಾಯಬೇಕಾದ ನರಕೋಶಕ್ಕೇ ಉರಿ ಹಚ್ಚುತ್ತವೆ. ಪಕ್ಕದ ಭಾಗ ಏನೂ ಆಗದಂತೆ ಇರುತ್ತದೆ. ಇದೇ ಮೊದಲ ಕಾರಣವೋ, ಆಮೇಲೆ ಸೇರಿಕೊಂಡದ್ದೋ ಇನ್ನೂ ಖಚಿತವಾಗಿ ತಿಳಿದಿಲ್ಲ ಎಂದೂ ಹೇಳಿದರು. ಆ ಪ್ರಾಮಾಣಿಕತೆ ನನಗೆ ಹಿಡಿಸಿತು.

"ಮತ್ತ ನೆನಪು?"

"ನೆನಪು ಸದ್ಯಕ್ಕೆ ಚೆನ್ನಾಗೇ ಇದೆ."

ಹಾಗಾದರೆ ಅತ್ತೆಗೆ ಎಲ್ಲ ನೆನಪಿದೆ ಎಂದುಕೊಂಡೆ.

ಹೊರಗೆ ಬಂದ ಮೇಲೆ ಯಜಮಾನರು ಕಾರಿನ ಬಾಗಿಲು ತೆಗೆಯುತ್ತ, "ಡಾಕ್ಟ್ರ ಮುಂದ ಕುಬಸದ ಮಾತು ಯಾಕ ತೆಗೀಬೇಕಿತ್ತು? ಆಕಿಗಿ ಜಡ್ಡು ಅದ, ಇಷ್ಟು ತಿಳೀದೇನು" ಎಂದರು.

ಅದೇ ವಾರ ಮಧ್ಯಾಹ್ನ ಅಂಗಳದಲ್ಲಿ ಕೂತು ಅತ್ತೆಯ ತಲೆ ಬಾಚುತ್ತಿದ್ದೆ. ನನಗೆ ಬೆನ್ನು ಮಾಡಿ ಕೂತಿದ್ದರು. ಮಾತು ಕೇಳಿಸಲೆಂದು ನಾನು ಕಿವಿಯನ್ನು ಅವರ ಭುಜದ ಹತ್ತಿರ ತರಬೇಕಾಯಿತು.

"ಖಾರ ಹುರಿವಾಗ ನನಗ ಗೊತ್ತಾಗ್ಲಿಲ್ಲ" ಎಂದರು. "ದೇವರಾಣಿ ಗೊತ್ತಾಗ್ಲಿಲ್ಲ. ನಿಮ್ಮಪ್ಪ ಕೈ ಮುಗಿವಾಗ ಗೊತ್ತಿತ್ತು."

ಬಾಚಣಿಗೆ ನಿಂತಿತು.

"ಕುಬಸ ಮುಗಿಸ್ಕೊಂಡು ಬಂದ ಮ್ಯಾಲ ಇಂಗಿನ ಡಬ್ಬಿ ತೆಗದು ಮೂಗಿಗಿ ಹಿಡದಿದ್ದೆ. ಏನೂ ಇದ್ದಿದ್ದಿಲ್ಲ. ಖಾಲಿ."

"ಮತ್ತ ಯಾಕ್ರಿ ಹೇಳ್ಲಿಲ್ಲ?"

"ಹೇಳಿದ್ರ ಅಡಗಿ ಮನಿ ನಿಂದಾಗ್ತಿತ್ತು."

ಅಷ್ಟೇ. ಅವರ ಬೆರಳು ಬತ್ತಿ ಹೊಸೆಯುತ್ತಲೇ ಇತ್ತು. ನಾನು ಜಡೆ ಹೆಣೆದು ಮುಗಿಸಿದೆ. ಗಂಟು ಸ್ವಲ್ಪ ಬಿಗಿಯಾಯಿತು, ಸಡಿಲಿಸಲಿಲ್ಲ. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಅವರಿಂದ ಒಂದನ್ನು ಬೇಡಿದೆ.

"ಭಾಲ್ಕಿಗಿ ಬಂದು ಇದ ಮಾತು ಹೇಳ್ರಿ. ನಮ್ಮಪ್ಪ ಕೈ ಮುಗದ ಜಾಗದಾಗೇ ಹೇಳ್ರಿ."

"ಹೇಳ್ತೇನಿ" ಎಂದರು.

ಭಾನುವಾರ ಹೊರಟೆವು. ಮಗಳನ್ನು ನೋಡಬೇಕೆಂದು ಅವ್ವ ಹೇಳಿದಳು ಎಂದಷ್ಟೇ ಯಜಮಾನರಿಗೆ ಗೊತ್ತು. ಅದೇ ಮನೆ, ಅದೇ ಮಂಚ. ನಾದಿನಿಯ ಅತ್ತೆಯ ಕೂದಲು ಪೂರಾ ಬೆಳ್ಳಗಾಗಿತ್ತು, ಗಂಟಲಿಗೆ ಮಾತ್ರ ಏನೂ ಆಗಿರಲಿಲ್ಲ. ನಾದಿನಿ ಚಹಾ ತಂದಿಟ್ಟು ತನ್ನ ಅವ್ವನ ಪಕ್ಕ ಕೂತಳು. ನಮ್ಮ ಅತ್ತೆ ಬೀಗತಿಯ ಕಡೆ ಮುಖ ಮಾಡಿ ಮಾತಾಡತೊಡಗಿದರು. ತುಟಿ ಆಡುತ್ತಿತ್ತು. ಧ್ವನಿ ಫ್ಯಾನಿನ ಸದ್ದನ್ನು ದಾಟಲಿಲ್ಲ.

"ಏನಂತಾರವ್ವಾ? ನನಗೇನೂ ಕೇಳವಲ್ದು" ಎಂದರು ಬೀಗತಿ.

ನಾದಿನಿ ತನ್ನ ಅವ್ವನ ಬಾಯಿಗೆ ಕಿವಿ ಕೊಟ್ಟಳು. ಪೂರ್ತಿ ಕೇಳಿಸಿಕೊಂಡಳು. ಅವಳ ಹುಬ್ಬು ಮೊದಲು ಮೇಲೆ ಹೋಗಿ, ಆಮೇಲೆ ಗಂಟಿಕ್ಕಿದ್ದನ್ನು ನಾನು ನೋಡಿದೆ. ನೆಟ್ಟಗೆ ಕೂತು ನಕ್ಕಳು.

"ಏನಿಲ್ಲ ಬಿಡ್ರಿ ಅತ್ತೀ. ದಣಿವಾಗ್ಯಾದ ಅಕಿಗಿ, ಏನೇನೋ ಅಂತಾಳ."

ತಾಯಿಯ ಮರ್ಯಾದೆಗೆ ಕಾವಲು ನಿಂತಳು ಮಗಳು. ಅವಳನ್ನೂ ಪೂರಾ ದೂರಲಾರೆ. ಆ ಮನೆಯಲ್ಲಿ ತವರಿನ ಹೆಸರಿನಿಂದಲೇ ಅವಳ ದಿನ ನಡೆಯಬೇಕು. ಆದರೆ ಆ ಕಾವಲಿನ ಉರಿ ಬಿದ್ದದ್ದು ಮತ್ತೆ ಅದೇ ಜಾಗಕ್ಕೆ, ನನ್ನ ಮೇಲೆ.

"ಏನೇನೋ ಅನ್ಲಕತ್ತಿಲ್ರಿ" ಎಂದೆ. ನನ್ನ ಧ್ವನಿ ನನಗೇ ಹೊಸದಾಗಿತ್ತು. "ಅಂದಿನ ಖಾರ ನಾ ಹೊತ್ತಸಿಲ್ಲ. ಅತ್ತಿಗಿ ವಾಸನಿ ಬರ್ತಿದ್ದಿಲ್ಲ. ನಮ್ಮಪ್ಪ ಸುಮ್ ಸುಮ್ನ ನಿಮಗ ಕೈ ಮುಗದ. ಅದನ್ನ ಹೇಳ್ಲಕ ಬಂದಾರ ಅವರು."

"ವೈನೀ!" ಎಂದಳು ನಾದಿನಿ.

ಬೀಗತಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಅಂದು ಪಂಕ್ತ್ಯಾಗ ನಿಂತು ನೀನ ಅಂದಿದ್ದಿಯಲ್ಲವ್ವಾ, ನಂದೇ ತಪ್ಪಾಯ್ತು ಅಂತ? ನಾವೇನ್ ಹೇಳ್ಸಿದ್ದೇವೇನು? ಈಗ ಪಾಪ ಬಾಯಿಲ್ಲದಾಕಿ ಮ್ಯಾಲ ಹಾಕ್ತಿಯಲ್ಲ. ಛಲೋ ಕಲ್ಸ್ಯಾರ ನೋಡು ಕಾನ್ವೆಂಟಿನ್ಯಾಗ."

ನಾನು ಅತ್ತೆಯ ಮುಖ ನೋಡಿದೆ. ಅದು ಒರೆಸಿದ ಪಾಟಿಯಂತೆ ಇತ್ತು. ಒಳಗೆ ಏನಿದ್ದರೂ ಮೇಲೆ ಬರುವ ದಾರಿ ಅಲ್ಲಿರಲಿಲ್ಲ. ನಂಬುವವರಿಗೆ ಆ ಮುಖದಿಂದ ಯಾವ ಸಹಾಯವೂ ಸಿಗುವಂತಿರಲಿಲ್ಲ.

"ಚಾ ಆರ್ಲಕತ್ತದ, ಕುಡೀರಿ ಎಲ್ಲಾರು" ಎಂದರು ಯಜಮಾನರು.

ಕುಡಿದೆವು. ಚಹಾಕ್ಕೆ ಶುಂಠಿ ಜಾಸ್ತಿಯಾಗಿತ್ತು. ಅದನ್ನು ಹೇಳಲಿಲ್ಲ.

ಹಿಂದಕ್ಕೆ ಬರುವಾಗ ಹಲಬರ್ಗಾ ದಾಟಿದ ಮೇಲೆ ಅತ್ತೆ ನನ್ನ ಸೆರಗು ಜಗ್ಗಿದರು. ಬಾಗಿದೆ. "ನಾ ಹೇಳ್ದೆ" ಎಂದರು.

"ಹೇಳಿದ್ರಿ" ಎಂದೆ.

ಅದು ಸುಳ್ಳಲ್ಲ. ಅವರು ಹೇಳಿದ್ದು ಮೂರು ಕಿವಿಗೆ ಬಿದ್ದಿದೆ: ಅವರದು, ಮಗಳದು, ನನ್ನದು. ಯಾರ ಕಿವಿಗೆ ಬೀಳಬೇಕಿತ್ತೋ ಅವರು ಔರಾದಿನ ಮಣ್ಣಲ್ಲಿ ಮಲಗಿ ಏಳು ವರ್ಷವಾಯಿತು. ಯಜಮಾನರು ಬೀದರು ಮುಟ್ಟುವ ತನಕ ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಲಿಲ್ಲ.

ಈ ಬೇಸಿಗೆಯಲ್ಲಿ ಮನ್ನಳ್ಳಿಯವಳಿಗೆ ಬೇಡವೆಂದೆ. ಮೆಣಸಿನಕಾಯಿ ತರಿಸಿ ಮಾಳಿಗೆಯ ಮೇಲೆ ಒಣಗಿಸಿದೆ, ತೊಟ್ಟು ಮುರಿದೆ, ಅಂಗಳದಲ್ಲಿ ಒಲೆ ಹೂಡಿದೆ. ಅತ್ತೆ ತಾವಾಗಿಯೇ ಗೋಡೆ ಹಿಡಿದುಕೊಂಡು ಬಂದು ಎದುರಿನ ಕುರ್ಚಿಯಲ್ಲಿ ಕೂತರು. ಹಳೆಯ ರೂಢಿಯಂತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ನೋಡಿದರು, ಕೈ ಒಪ್ಪಲಿಲ್ಲ, ಬಿಟ್ಟರು.

ಕೊತ್ತಂಬರಿ ಬೀಜ ಸಿಡಿಯತೊಡಗಿತು. ಹೊಂಬಣ್ಣ ಬಂತು. ಘಮ ಎದ್ದು ಪಕ್ಕದ ಮನೆಯ ಕಿಟಕಿಯ ತನಕ ಹೋಯಿತು; ಅಲ್ಲಿಂದ ಯಾರೋ, "ಭಾಬಿ, ಈ ಸಲ ನೀವೇ ಹುರಿಲಕತ್ತೀರೇನ್ರಿ?" ಎಂದು ಕೂಗಿದರು. ಅತ್ತೆ ಮುಂದಕ್ಕೆ ಬಾಗಿದರು. ನಡುಗುವ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದು ನನ್ನ ಬಾಯಿಯನ್ನೇ ನೋಡುತ್ತ ಕಾಯುತ್ತಿದ್ದರು. "ಇಳಸ್ಲೇನ್ರಿ?" ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು, "ಇಳಸು" ಎನ್ನುತ್ತಿದ್ದರು. ನನಗೆ ಅದರಿಂದ ಏನೂ ಕಡಿಮೆಯಾಗುತ್ತಿರಲಿಲ್ಲ. ಸಿಸ್ಟರುಗಳು ಇದ್ದಿದ್ದರೆ ಕೇಳು ಎನ್ನುತ್ತಿದ್ದರು.

ನಾನು ಕೇಳಲಿಲ್ಲ. ಬಟ್ಟೆ ಹಿಡಿದು ಬಾಣಲೆಯನ್ನು ಇಳಿಸಿದೆ.